ಮಂಜರಾಬಾದ್ ಕೋಟೆ

ಮಂಜರಾಬಾದ್ ಕೋಟೆಯು ಕರ್ನಾಟಕದ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿರುವ, ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ. ಸಕಲೇಶಪುರ ಪಟ್ಟಣದಿಂದ ಮಂಗಳೂರಿನ ದಿಕ್ಕಿಗೆ ಸುಮಾರು 6 ಕಿ.ಮೀ. ದೂರದಲ್ಲಿ, ದೋಣಿಗಾಲ್ ಗ್ರಾಮದ ಬಳಿ, ಸಮುದ್ರಮಟ್ಟದಿಂದ 988 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ ಇದು ನಿಂತಿದೆ. ಮೈಸೂರಿನ ಟಿಪ್ಪು ಸುಲ್ತಾನನು ಇದನ್ನು ಕಟ್ಟಿಸಿದನು. ಕಟ್ಟಡ ಮುಗಿದ ವರ್ಷವೆಂದು ಸಾಮಾನ್ಯವಾಗಿ 1792ನ್ನು ಹೇಳಲಾಗುತ್ತದೆ. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ, ಯುರೋಪಿನ ಸೈನಿಕ ವಾಸ್ತುಶಿಲ್ಪದ ಕ್ರಮವನ್ನು ಅನುಸರಿಸಿ ರಚಿತವಾದ ಈ ಕೋಟೆಯು ಜಿಲ್ಲೆಯ ಇತರ ಕೋಟೆಗಳಿಗಿಂತ ಸಂಪೂರ್ಣವಾಗಿ ಭಿನ್ನವಾದುದು. ಅವು ಊರುಗಳನ್ನು ಕಾಯುವುದಕ್ಕಾಗಿ ಹುಟ್ಟಿದವು. ಇದು ಒಂದು ದಾರಿಯನ್ನು ಕಾಯುವುದಕ್ಕಾಗಿ ಹುಟ್ಟಿತು.

ನೆಲೆ

ಹಾಸನದಿಂದ ಪಶ್ಚಿಮಕ್ಕೆ ಹೊರಟ ರಸ್ತೆಯು ಬಯಲು ಸೀಮೆಯನ್ನು ದಾಟಿ ಮಲೆನಾಡಿನ ಗುಡ್ಡಗಳ ನಡುವೆ ಸಕಲೇಶಪುರವನ್ನು ತಲಪುತ್ತದೆ. ಅಲ್ಲಿ ಹೇಮಾವತಿ ನದಿಯ ಕಣಿವೆ. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಸಮೀಪ ಹುಟ್ಟುವ ಈ ನದಿಯು ಸಕಲೇಶಪುರವನ್ನು ಹಾದು ಪೂರ್ವಕ್ಕೆ ತಿರುಗಿ, ಗೊರೂರು, ಹೊಳೆನರಸೀಪುರಗಳ ಮಾರ್ಗವಾಗಿ ಹರಿದು ಕಾವೇರಿಯನ್ನು ಸೇರುತ್ತದೆ. ಪಟ್ಟಣದಿಂದ ಮುಂದೆ ಕೆಲವೇ ಮೈಲಿಗಳಲ್ಲಿ ನೆಲವು ಪಶ್ಚಿಮಕ್ಕೆ ಕುಸಿಯಲಾರಂಭಿಸುತ್ತದೆ; ಅಲ್ಲಿಂದಾಚೆ ಬಿದ್ದ ಮಳೆನೀರು ಅರಬ್ಬೀ ಸಮುದ್ರದ ಪಾಲು. ಮಂಜರಾಬಾದಿನ ಗುಡ್ಡವು ಈ ಎರಡು ಇಳಿಜಾರುಗಳ ಸಂಧಿಯಲ್ಲಿದೆ. ಕೋಟೆಯ ಗೋಡೆಯ ಮೇಲೆ ನಿಂತವರಿಗೆ ಪೂರ್ವದಲ್ಲಿ ಹೇಮಾವತಿಯ ಕಣಿವೆ, ಪಶ್ಚಿಮದಲ್ಲಿ ಶಿರಾಡಿ ಹಾಗೂ ಬಿಸಿಲೆ ಘಟ್ಟಗಳ ಕಾಡು, ಎರಡೂ ಕಾಣುತ್ತವೆ.

ಎತ್ತರದ ಲೆಕ್ಕದಿಂದಲೇ ನೋಡಿದರೆ ಇದು ದೊಡ್ಡ ದುರ್ಗವಲ್ಲ. ಸಕಲೇಶಪುರವೇ ಸಾಕಷ್ಟು ಎತ್ತರದಲ್ಲಿರುವುದರಿಂದ ಗುಡ್ಡವು ಸುತ್ತಲಿನ ನೆಲದಿಂದ ಹೆಚ್ಚೇನೂ ಮೇಲೆದ್ದಿಲ್ಲ. ಹೆದ್ದಾರಿಯ ಬದಿಯಿಂದ ಹೊರಟು ಕೆಲವು ನೂರು ಮೆಟ್ಟಿಲುಗಳನ್ನು ಹತ್ತಿದರೆ ಬಾಗಿಲು ಸಿಗುತ್ತದೆ. ಚಿತ್ರದುರ್ಗ, ಮಧುಗಿರಿ, ಸಾವನದುರ್ಗಗಳನ್ನು ಕಂಡವರಿಗೆ ಈ ಏರು ಆಟದಂತೆ ತೋರಬಹುದು. ಆ ದುರ್ಗಗಳ ಬಲವು ಬಂಡೆಯ ಕಡಿದಾದ ಮೈಯಲ್ಲಿತ್ತು. ಮಂಜರಾಬಾದಿನ ಬಲವು ಗೋಡೆಗಳ ಕೋನಗಳಲ್ಲಿದೆ.

ಹೆಸರು

‘ಮಂಜು’ ಎಂಬ ಕನ್ನಡ ಶಬ್ದಕ್ಕೆ, ಜನವಸತಿಯ ಸ್ಥಳ ಎಂಬ ಅರ್ಥದ ‘ಆಬಾದ್’ ಎಂಬ ಪಾರಸಿ ಶಬ್ದ ಸೇರಿ ಈ ಹೆಸರಾಯಿತೆಂದು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಕೋಟೆಯನ್ನು ನೋಡಲು ಬಂದ ಟಿಪ್ಪುವಿಗೆ ಗುಡ್ಡವೆಲ್ಲ ಮಂಜಿನಲ್ಲಿ ಮುಳುಗಿ ಕಂಡದ್ದರಿಂದ ಆತ ಈ ಹೆಸರಿಟ್ಟನೆಂಬುದು ಪ್ರಚಲಿತ ಕಥೆ. ಕಥೆಯ ನಿಜಾನಿಜ ಹೇಗೇ ಇರಲಿ, ಮಳೆಗಾಲದಿಂದ ಮಾಗಿಯವರೆಗೆ ಅಲ್ಲಿಗೆ ಹೋದವರಾರೂ ಹೆಸರಿನ ಔಚಿತ್ಯವನ್ನು ಸಂಶಯಿಸಲಾರರು.

ಟಿಪ್ಪು ತನ್ನ ರಾಜ್ಯದ ಹಲವು ಸ್ಥಳಗಳಿಗೆ ಹೊಸ ಹೆಸರುಗಳನ್ನು ಕೊಟ್ಟಿದ್ದನು. ದೇವನಹಳ್ಳಿ ಯೂಸುಫಾಬಾದ್ ಆಯಿತು, ಶಿರಾ ರುಸ್ತುಮಾಬಾದ್ ಆಯಿತು, ಚಿತ್ರದುರ್ಗವು ಫರುಖ್ಯಾಬ್ ಹಿಸಾರ್ ಆಯಿತು. ಅವನ ಕಾಲದೊಡನೆ ಈ ಹೆಸರುಗಳಲ್ಲಿ ಹೆಚ್ಚಿನವು ಮರೆತುಹೋದವು. ಮೈಸೂರಿನಲ್ಲಿ ನಜರಬಾದ್ ಎಂಬ ಬಡಾವಣೆಯ ಹೆಸರಾಗಿ, ಸಕಲೇಶಪುರದ ಬಳಿ ಕೋಟೆಯ ಹೆಸರಾಗಿ, ಎರಡು ಮೂರು ಮಾತ್ರ ಜನರ ಬಾಯಲ್ಲಿ ಉಳಿದಿವೆ. ಮಂಜರಾಬಾದ್ ಉಳಿದದ್ದಕ್ಕೆ ಅದರ ಮೊದಲರ್ಧ ಕನ್ನಡವಾಗಿದ್ದುದೂ ಒಂದು ಕಾರಣವಿರಬೇಕು.

ಜಿಲ್ಲೆಯ ಹಿಂದಿನ ಕೋಟೆಗಳು

ಮಂಜರಾಬಾದಿನ ಹೊಸತನವನ್ನು ತಿಳಿಯಬೇಕಾದರೆ ಹಾಸನ ಸೀಮೆಯಲ್ಲಿ ಅದಕ್ಕೂ ಮೊದಲು ಕೋಟೆಗಳು ಹೇಗಿದ್ದವು ಎಂಬುದನ್ನು ನೋಡಬೇಕು. ಇವುಗಳಲ್ಲಿ ಹಳೆಯದು ಹೊಳೆನರಸೀಪುರದ ಕೋಟೆ. ಹೇಮಾವತಿಯ ದಡದ ಮೇಲಿರುವ ಈ ಊರಿಗೆ, ಕಾವೇರಿ ಕಪಿಲೆಗಳ ಸಂಗಮದಲ್ಲಿರುವ ತಿರುಮಕೂಡಲು ನರಸೀಪುರದಿಂದ ಬೇರೆಯಾಗಿ ಗುರುತಿಸಲು, ‘ಹೊಳೆ’ ಎಂಬ ವಿಶೇಷಣ ಸೇರಿಕೊಂಡಿತು. ಮೈಸೂರಿನ ಹಳೆಯ ಗೆಜೆಟಿಯರುಗಳು ಇಲ್ಲಿನ ಕೋಟೆಯನ್ನು 1168ರಲ್ಲಿ ನರಸಿಂಹ ನಾಯಕನೆಂಬ ಸ್ಥಳೀಯ ಪಾಳೆಯಗಾರನು ಕಟ್ಟಿಸಿದನೆಂದು ಹೇಳುತ್ತವೆ. ಆ ವರ್ಷವು ಹೊಯ್ಸಳ ಒಂದನೆಯ ನರಸಿಂಹನ ಆಳ್ವಿಕೆಯ ಕಾಲ. ಊರು, ದೇವಾಲಯ, ನದಿ ಹಾಗೂ ಅವುಗಳನ್ನು ಬಳಸಿದ ಗೋಡೆ: ಬಯಲುಸೀಮೆಯ ಪಾಳೆಯಪಟ್ಟಿನ ಸಾಮಾನ್ಯ ರೂಪವಿದು.

ಚನ್ನರಾಯಪಟ್ಟಣಕ್ಕೆ ಮೊದಲಿದ್ದ ಹೆಸರು ಕೊಳತೂರು. 1600ರ ಸುಮಾರಿಗೆ ಹೊಳೆನರಸೀಪುರದ ನಾಯಕನು ಇದನ್ನು ವಶಪಡಿಸಿಕೊಂಡು, ಅಲ್ಲಿ ಚನ್ನರಾಯಸ್ವಾಮಿಯ ಗುಡಿಯನ್ನು ಕಟ್ಟಿಸಿ, ಅದೇ ದೇವರ ಹೆಸರನ್ನು ಹೊತ್ತ ತನ್ನ ಮಗನಿಗೆ ಊರನ್ನು ಕೊಟ್ಟನು. ಇಲ್ಲಿಯ ಕೋಟೆಯು ಮುಂದೆ ಹೈದರಾಲಿಯ ಕಾಲದಲ್ಲಿ ಸುಧಾರಣೆ ಹೊಂದಿತು. ಅವನು ಕೋಟೆಯ ಸುತ್ತ ನೀರು ತುಂಬಿದ ಕಂದಕವನ್ನೂ, ನೇರವಾಗಿ ನುಗ್ಗಲಾಗದಂತೆ ತಡೆಗೋಡೆಗಳಿಂದ ತಿರುವು ಮಾಡಿದ ಬಾಗಿಲುಗಳನ್ನೂ ಸೇರಿಸಿದನು. ಬಾಗಿಲ ದಾರಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿದರೆ ಆನೆಯನ್ನಾಗಲಿ ದಿಮ್ಮಿಯನ್ನಾಗಲಿ ಓಟದ ವೇಗದಲ್ಲಿ ಕದಕ್ಕೆ ಹಾಯಿಸಲು ಆಗದು. ದೂರದ ಫಿರಂಗಿಗೂ ಕದವು ಕಣ್ಣಿಗೆ ಬೀಳದು. ತಂದೆಯು ಬಯಲಿನ ಹಳೆಯ ಕೋಟೆಗೆ ಮಾಡಿದ ಈ ತೇಪೆಯನ್ನೂ, ಮಗನು ಘಟ್ಟದ ಅಂಚಿನಲ್ಲಿ ಹೊಸದಾಗಿ ಎಬ್ಬಿಸಿದ ನಕ್ಷತ್ರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ತಲೆಮಾರಿನಲ್ಲಿ ಯುದ್ಧತಂತ್ರವು ಎಷ್ಟು ದೂರ ಸಾಗಿತ್ತೆಂಬುದು ತಿಳಿಯುತ್ತದೆ.

ಅರಕಲಗೂಡಿನ ಸಂಬಂಧವು ಇನ್ನೂ ಹತ್ತಿರದ್ದು. 1568ರ ಸುಮಾರಿಗೆ ಈ ಪಟ್ಟಣವನ್ನು ನೆಲೆಗೊಳಿಸಿದವನು ಐಗೂರು ಮನೆತನದ ಕೃಷ್ಣಪ್ಪ ನಾಯಕ. ಅರ್ಕ ಎಂದರೆ ಸೂರ್ಯ. ಸೂರ್ಯನ ಗುಡಿ ಎಂಬರ್ಥದಲ್ಲಿ ಊರಿನ ಹೆಸರು ಬಂದಿತೆಂಬುದು ಸ್ಥಳಪುರಾಣ. 1694ರಲ್ಲಿ ಚಿಕ್ಕದೇವರಾಜ ಒಡೆಯರು ಇದನ್ನು ಮೈಸೂರಿಗೆ ಸೇರಿಸಿಕೊಂಡರು. ಇದೇ ಐಗೂರು ಮನೆತನದವರ ಮಲೆನಾಡಿನ ನೆಲದಲ್ಲಿ, ಅವರ ಕಣ್ಣೆದುರಿಗೇ, ಒಂದು ಶತಮಾನದ ನಂತರ ಮಂಜರಾಬಾದ್ ಕೋಟೆ ಎದ್ದಿತು.

ಬಲಂ ಸೀಮೆ

ಇಂದಿನ ಸಕಲೇಶಪುರ ತಾಲ್ಲೂಕು ಮತ್ತು ಅದರ ನೆರೆಯ ಪ್ರದೇಶಗಳಿಗೆ ಹಿಂದೆ ಬಲಂ ಸೀಮೆ ಎಂದು ಹೆಸರಿತ್ತು. ವಿಜಯನಗರದ ಕಾಲದಲ್ಲಿ ಬೇಲೂರನ್ನು ಆಳುತ್ತಿದ್ದ ನಾಯಕ ಮನೆತನವು ಮುಂದೆ ಐಗೂರಿನಲ್ಲಿ ನೆಲೆನಿಂತಿತು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಇಕ್ಕೇರಿ: ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕ ಸಣ್ಣ ಸಂಸ್ಥಾನವಿದು. ಹದಿನೇಳನೆಯ ಶತಮಾನದ ಕೊನೆಗೆ ಬಯಲಿನ ಭಾಗವು ಮೈಸೂರಿನ ಪಾಲಾಯಿತು. 1694ರ ಒಪ್ಪಂದದ ನಂತರ ಘಟ್ಟದ ಅಂಚಿನ ಆರು ನಾಡುಗಳು ಮಾತ್ರ ಹಳೆಯ ನಾಯಕರ ಕೈಯಲ್ಲಿ ಉಳಿದವು. ಈ ನಾಡುಗಳು ದೊಡ್ಡ ಊರುಗಳಿಲ್ಲದ, ಗದ್ದೆ ಕಾಡುಗಳ ನಡುವೆ ಚದುರಿದ ಮನೆಗಳ ಸೀಮೆ. ಅಲ್ಲಿ ಕಾಡೇ ಕೋಟೆಯಾಗಿತ್ತು.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಲ್ಲಿ ಆಳುತ್ತಿದ್ದವನು ಇದೇ ವಂಶದ ಇನ್ನೊಬ್ಬ ಕೃಷ್ಣಪ್ಪ ನಾಯಕ. ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಏರಿಹೋದಾಗ ಈತ ಮರಾಠರ ಸೇನಾನಿ ಪರಶುರಾಮ ಭಾವೂನ ಸೈನ್ಯವನ್ನು ಕೂಡಿಕೊಂಡನು. ಶಾಂತಿಯ ಒಪ್ಪಂದವಾದ ಮೇಲೆ ಟಿಪ್ಪುವಿನ ಸಿಟ್ಟಿಗೆ ಅಂಜಿ ಕೊಡಗಿಗೆ ಓಡಿಹೋದನು. ಟಿಪ್ಪುವು ಅವನನ್ನು ಒಲಿಸಿ ಹಿಂದಕ್ಕೆ ಕರೆಸಿಕೊಂಡು ಐಗೂರು ಸೀಮೆಯ ಆಡಳಿತವನ್ನು ಒಪ್ಪಿಸಿದನು. ಹೀಗೆ ಕ್ಷಮಿಸಿದ ಪಾಳೆಯಗಾರನ ಪಕ್ಕದಲ್ಲಿಯೇ ಸುಲ್ತಾನನ ಫಿರಂಗಿಗಳುಳ್ಳ ಕೋಟೆ ಇದ್ದುದು ಕಾಕತಾಳೀಯವೆನ್ನಲಾಗದು. ಮಂಜರಾಬಾದಿನ ಕಣ್ಣು ಘಟ್ಟದ ಕಡೆಗೆ ಇದ್ದಷ್ಟೇ ಐಗೂರಿನ ಕಡೆಗೂ ಇತ್ತು.

1792ರ ಸಂದರ್ಭ

ಮಂಗಳೂರು ಬಂದರು ಮೈಸೂರಿನ ಪಾಲಿಗೆ ಬರಿಯ ವ್ಯಾಪಾರದ ಊರಾಗಿರಲಿಲ್ಲ. ಹೈದರಾಲಿಯು ನೌಕಾಪಡೆಯನ್ನು ಕಟ್ಟಲು ಯತ್ನಿಸಿದ್ದು ಅಲ್ಲಿಯೇ; ಫ್ರೆಂಚರ ನೆರವು ಬರಬಹುದಾಗಿದ್ದುದೂ ಕಡಲ ದಾರಿಯಿಂದಲೇ. ಇಂಗ್ಲಿಷರು 1783ರಲ್ಲಿ ಮಂಗಳೂರನ್ನು ಹಿಡಿದಾಗ ಟಿಪ್ಪುವು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಅದನ್ನು ಮರಳಿ ಪಡೆದನು. 1784ರ ಮಾರ್ಚ್ 11ರಂದು ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಒಪ್ಪಂದವೂ ಅದೇ ಊರಿನಲ್ಲಿ ಆಯಿತು. ಹೀಗಿರುವಾಗ ಶ್ರೀರಂಗಪಟ್ಟಣಕ್ಕೂ ಮಂಗಳೂರಿಗೂ ನಡುವೆ ಇದ್ದ ಘಟ್ಟದ ದಾರಿಗಳು ರಾಜ್ಯದ ಉಸಿರಿನ ನಾಳಗಳಾಗಿದ್ದವು.

ಮೂರನೆಯ ಯುದ್ಧವು (1790–92) ಎರಡು ಪಾಠಗಳನ್ನು ಕಲಿಸಿತು. ಮೊದಲನೆಯದು ಗೋಡೆಗಳ ಬಗ್ಗೆ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕಲ್ಲುಕೋಟೆ ಬಿದ್ದಿತು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದವು. ಇವೆರಡೂ ಹತ್ತಲಸಾಧ್ಯವೆಂದು ಹೆಸರಾದ ಬಂಡೆಗಳು. ಇಂಗ್ಲಿಷರ ಭಾರಿ ಫಿರಂಗಿಗಳು ಗೋಡೆಯಲ್ಲಿ ಬಿರುಕು ಮಾಡಿದ ಮೇಲೆ ಬಂಡೆಯ ಎತ್ತರವು ನೆರವಿಗೆ ಬರಲಿಲ್ಲ.

ಎರಡನೆಯದು ನಕ್ಷೆಯ ಬಗ್ಗೆ. 1792ರ ಮಾರ್ಚಿಯ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವು ರಾಜ್ಯದ ಸುಮಾರು ಅರ್ಧವನ್ನು ಕಳೆದುಕೊಂಡನು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ಮಲಬಾರ್ ಕಂಪನಿಯ ಕೈಸೇರಿತು. ಕೊಡಗು ಕಂಪನಿಯ ಆಶ್ರಯಕ್ಕೆ ಹೋಯಿತು. ಅಲ್ಲಿಯ ದೊರೆ ದೊಡ್ಡ ವೀರರಾಜೇಂದ್ರನು ಟಿಪ್ಪುವಿನ ಬದ್ಧವೈರಿ. ಕರಾವಳಿಯಲ್ಲಿ ಮಂಗಳೂರು ಉಳಿಯಿತು. ಆದರೆ ಕೊಡಗಿನ ಮೇಲೆ ಹಾದು ಅಲ್ಲಿಗೆ ಇಳಿಯುವ ದಾರಿ ಇನ್ನು ಶತ್ರುವಿನದು. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ, ದಕ್ಷಿಣದ ದಾರಿ ಮುಚ್ಚಿದ ಮೇಲೆ ರಾಜಧಾನಿಯಿಂದ ಬಂದರಿಗೆ ಅತಿ ಸಮೀಪದ ಸ್ವಂತ ದಾರಿಯೆಂದರೆ ಸಕಲೇಶಪುರದ ಘಟ್ಟವೇ ಎಂಬುದು ಸ್ಪಷ್ಟವಾಗುತ್ತದೆ. ಕೊಡಗಿನ ಗಡಿಯೂ ಅಲ್ಲಿಂದ ದೂರವಿಲ್ಲ. ಬಲಂ ಸೀಮೆಯ ಒಂದು ಸಾಧಾರಣ ಗುಡ್ಡಕ್ಕೆ ಇದ್ದಕ್ಕಿದ್ದಂತೆ ಬಂದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಘಟ್ಟದ ಕೆಳಗೆ, ಬೆಳ್ತಂಗಡಿಯ ಬಳಿಯ ಬಂಡೆಯ ಮೇಲೆ ಟಿಪ್ಪುವು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯೂ ಇದೇ ಚಿಂತೆಯ ಫಲ.

ನಕ್ಷತ್ರಾಕಾರದ ತರ್ಕ

ಕೋಟೆಗೆ ನಕ್ಷತ್ರದ ಆಕಾರ ಏಕೆ? ಅಂದಕ್ಕಾಗಿ ಅಲ್ಲ. ಇದರ ಮೂಲವು ಹದಿನೈದನೆಯ ಶತಮಾನದ ಕೊನೆಯ ಇಟಲಿಯಲ್ಲಿದೆ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಗಾಲಿಗಳ ಮೇಲೆ ಎಳೆದೊಯ್ಯಬಲ್ಲ ಫಿರಂಗಿಗಳೊಡನೆ ಇಟಲಿಗೆ ನುಗ್ಗಿದಾಗ ಅಲ್ಲಿಯ ಎತ್ತರದ, ತೆಳುವಾದ ಗೋಡೆಗಳು ಕ್ಷಣದಲ್ಲಿ ಪುಡಿಯಾದವು. ಎತ್ತರದ ಗೋಡೆಯು ಏಣಿಯನ್ನು ತಡೆಯುತ್ತದೆ, ಗುಂಡನ್ನು ತಡೆಯುವುದಿಲ್ಲ. ಬದಲಾಗಿ ಅದು ಗುರಿಗೆ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಗೋಡೆಗಳು ತಗ್ಗಾದವು, ದಪ್ಪವಾದವು, ಹೊರಮೈ ಇಳಿಜಾರಾಯಿತು, ಮುಂದೆ ಆಳವಾದ ಕಂದಕ ಬಂದಿತು.

ಆದರೆ ಇನ್ನೊಂದು ತೊಡಕು ಉಳಿಯಿತು. ನೇರವಾದ ಗೋಡೆಯ ಅಥವಾ ಗುಂಡಾದ ಬುರುಜಿನ ಬುಡಕ್ಕೆ ಶತ್ರು ಬಂದು ಅಂಟಿಕೊಂಡನೆಂದರೆ ಮೇಲಿನವರಿಗೆ ಅವನು ಕಾಣುವುದಿಲ್ಲ. ಕಾಣಬೇಕಾದರೆ ಗೋಡೆಯಿಂದಾಚೆ ಬಗ್ಗಬೇಕು. ಬಗ್ಗಿದವನ ತಲೆ ಉಳಿಯದು. ನಮ್ಮ ಪಾಳೆಯಗಾರರ ಕೋಟೆಗಳ ದುಂಡು ಕೊತ್ತಲಗಳಲ್ಲಿಯೂ ಈ ಕುರುಡುಜಾಗ ಇದ್ದೇ ಇತ್ತು. ಗೋಡೆಯನ್ನು ಚೂಪಾದ ಮೂಲೆಗಳಾಗಿ ಮಡಿಸಿದರೆ ಈ ಕುರುಡುಜಾಗ ಮಾಯವಾಗುತ್ತದೆ. ಪ್ರತಿಯೊಂದು ಮೂಲೆಯ ಪಕ್ಕದ ಗೋಡೆಯನ್ನೂ ಅದರ ನೆರೆಯ ಮೂಲೆಯವನು ತನ್ನ ಸ್ಥಳದಿಂದಲೇ ಉದ್ದಕ್ಕೂ ನೋಡಬಲ್ಲನು, ಉದ್ದಕ್ಕೂ ಗುಂಡು ಹಾರಿಸಬಲ್ಲನು. ಎರಡು ಮೂಲೆಗಳ ನಡುವಿನ ಒಳಕೋನಕ್ಕೆ ನುಗ್ಗಿದ ಶತ್ರುವಿಗೆ ಎರಡೂ ಕಡೆಯಿಂದ ಏಟು. ಎಂಟು ಮೂಲೆಗಳಿದ್ದರೆ ಇಂತಹ ಎಂಟು ಬಲೆಗಳು. ಯಾರೂ ತನ್ನ ಕಾಲಬುಡವನ್ನು ತಾನೇ ಕಾಯಬೇಕಾಗಿಲ್ಲ, ನೆರೆಯವನು ಕಾಯುತ್ತಾನೆ. ಇದರ ಇನ್ನೊಂದು ಲಾಭವೆಂದರೆ ಸಣ್ಣ ಕಾವಲುಪಡೆಯೊಂದಿಗೆ ಕೋಟೆಯನ್ನು ಉಳಿಸಿಕೊಳ್ಳಬಹುದು. ದೊಡ್ಡ ಸೈನ್ಯವನ್ನು ಘಟ್ಟದ ಮೇಲೆ ವರ್ಷವಿಡೀ ಸಾಕಲಾಗದ ರಾಜ್ಯಕ್ಕೆ ಇದು ಸಣ್ಣ ವಿಚಾರವಲ್ಲ.

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ಸೆಬಾಸ್ಟಿಯನ್ ಲ ಪ್ರೆಸ್ತ್ರ್ ದ ವೋಬಾನ್ (1633–1707). ಮಂಜರಾಬಾದನ್ನು ‘ವೋಬಾನ್ ಮಾದರಿಯ ಕೋಟೆ’ ಎಂದು ಕರೆಯುವುದು ಇದರಿಂದಲೇ. ಫ್ರಾನ್ಸಿನ ಪೂರ್ವಗಡಿಯ ನ್ಯೂಫ್ ಬ್ರಿಸಾಕ್ ಎಂಬ ಅಷ್ಟಕೋನದ ಕೋಟೆನಗರವು ಅವನ ಕೊನೆಯ ಕಾಲದ ರಚನೆ. ಅದು ಸಮತಟ್ಟು ಬಯಲಿನಲ್ಲಿರುವುದರಿಂದ ಅದರ ಸುತ್ತ ಹೊರಗೋಟೆಗಳ ಪದರಗಳಿವೆ. ಮಂಜರಾಬಾದಿನಲ್ಲಿ ಅಂತಹ ವಿಸ್ತಾರವನ್ನು ನಿರೀಕ್ಷಿಸಬಾರದು. ಇಲ್ಲಿ ಗುಡ್ಡದ ಇಳಿಜಾರೇ ಹೊರಗೋಟೆ. ಭಾರತದಲ್ಲಿ ಯುರೋಪಿಯನ್ನರು ತಮಗಾಗಿ ಈ ಮಾದರಿಯಲ್ಲಿ ಕಟ್ಟಿಕೊಂಡ ಕೋಟೆಗಳು ಹಲವಿವೆ; ಕಲ್ಕತ್ತದಲ್ಲಿ ಪ್ಲಾಸಿ ಕದನದ ನಂತರ ಎದ್ದ ಹೊಸ ಫೋರ್ಟ್ ವಿಲಿಯಂ ಅವುಗಳಲ್ಲಿ ದೊಡ್ಡದು. ಇಂಗ್ಲಿಷರ ವಿರುದ್ಧ, ಭಾರತೀಯ ದೊರೆಯೊಬ್ಬನು ಅದೇ ವಿದ್ಯೆಯನ್ನು ಪೂರ್ಣವಾಗಿ ಅಳವಡಿಸಿಕೊಂಡುದು ಮಂಜರಾಬಾದಿನ ವೈಶಿಷ್ಟ್ಯ.

ಟಿಪ್ಪುವಿಗೆ ಫ್ರೆಂಚರೊಡನೆ ನಿಕಟ ಸಂಬಂಧವಿತ್ತು. ಅವನು ಕಳುಹಿಸಿದ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನವನ್ನು ಕಂಡು, ಸೈನಿಕ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಸೈನ್ಯ ಬರಲಿಲ್ಲ, ಕೆಲವು ಕುಶಲಿಗರು ಬಂದರು.

ಕೋಟೆಯ ರಚನೆ

ಹೊರಗೋಡೆಗಳನ್ನು ಗ್ರಾನೈಟ್ ಕಲ್ಲಿನಿಂದ, ಸುಣ್ಣದ ಗಾರೆ ಬಳಸಿ ಕಟ್ಟಲಾಗಿದೆ. ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆಯನ್ನು ಉಪಯೋಗಿಸಲಾಗಿದೆ. ಗೋಡೆಯನ್ನು ಸುತ್ತಿ ಕಂದಕವಿದೆ; ಹುಲ್ಲು ಪೊದೆಗಳಿಂದ ತುಂಬಿರುವುದರಿಂದ ಅದರ ನಿಜವಾದ ಆಳವು ಈಗ ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ತಲೆಯುದ್ದಕ್ಕೂ ಕೋವಿಯ ಕಿಂಡಿಗಳು, ನಡುನಡುವೆ ಫಿರಂಗಿ ಇಡುವ ನೆಲೆಗಳು ಇವೆ. ಕಿಂಡಿಗಳು ಒಂದೊಂದೂ ಒಂದೊಂದು ದಿಕ್ಕಿಗೆ ಓರೆಯಾಗಿ ತೆರೆದಿರುವುದನ್ನು ಗಮನಿಸಿದರೆ ಮೇಲೆ ಹೇಳಿದ ಒಡ್ಡುಗುಂಡಿನ ತರ್ಕವು ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ.

ಪ್ರವೇಶವು ಕಮಾನಿನ ಬಾಗಿಲುಗಳ ಮೂಲಕ. ಬಾಗಿಲ ಬಳಿಯ ಗಾರೆಗೆಲಸದ ಅಲಂಕಾರವು ಶ್ರೀರಂಗಪಟ್ಟಣದ ಕಟ್ಟಡಗಳ ಶೈಲಿಯನ್ನು ನೆನಪಿಗೆ ತರುತ್ತದೆ. ಹೀಗೆ ನಕ್ಷೆಯು ಫ್ರೆಂಚರದು, ಕಮಾನು ಮೈಸೂರಿನದು. ಬಾಗಿಲಿನ ಒಳಚಾವಣಿಯಲ್ಲಿ ಕೋಟೆಯ ನಕ್ಷತ್ರಾಕಾರದ ನಕ್ಷೆಯನ್ನೇ ಬಿಡಿಸಿರುವುದು ಇಲ್ಲಿನ ಒಂದು ವಿಶೇಷ. ನೋಡುಗರು ಇದನ್ನು ತಪ್ಪದೆ ತಲೆಯೆತ್ತಿ ನೋಡಬೇಕು; ಏಕೆಂದರೆ ಕೋಟೆಯೊಳಗೆ ಎಲ್ಲಿ ನಿಂತರೂ ನಕ್ಷತ್ರವು ಕಾಣುವುದಿಲ್ಲ. ನೆಲದ ಮೇಲಿರುವವರಿಗೆ ಅದು ಮತ್ತೆ ಮತ್ತೆ ತಿರುಗುವ ಗೋಡೆ ಅಷ್ಟೇ. ಇತ್ತೀಚಿನ ವರ್ಷಗಳಲ್ಲಿ ಡ್ರೋನ್ ಚಿತ್ರಗಳು ಹರಡಿದ ಮೇಲೆಯೇ ಹೆಚ್ಚಿನ ಜನರಿಗೆ ಇದರ ಆಕಾರ ಪರಿಚಿತವಾಯಿತು.

ಅಂಗಳದ ನಡುವೆ ಅಧಿಕ ಚಿಹ್ನೆಯ ಆಕಾರದ ಮೆಟ್ಟಿಲುಕೊಳವಿದೆ. ನಾಲ್ಕು ದಿಕ್ಕುಗಳಿಂದಲೂ ಮೆಟ್ಟಿಲುಗಳು ನಡುವಿನ ನೀರಿಗೆ ಇಳಿಯುತ್ತವೆ. ಗುಡ್ಡದ ನೆತ್ತಿಯಲ್ಲಿ ತೊರೆಯಾಗಲಿ ಕೆರೆಯಾಗಲಿ ಇಲ್ಲದಿರುವಲ್ಲಿ, ಮುತ್ತಿಗೆಯಾದರೆ ಕಾವಲುಪಡೆಯ ಜೀವವು ಈ ಕೊಳದಲ್ಲಿತ್ತು. ಮಲೆನಾಡಿನ ಮಳೆ ಅದನ್ನು ತುಂಬಿಸುತ್ತಿತ್ತು. ನಾಲ್ಕು ಕಡೆ ಮೆಟ್ಟಿಲಿದ್ದುದರಿಂದ ನೀರು ತರುವವರು ಒಬ್ಬರಿಗೊಬ್ಬರು ಅಡ್ಡವಾಗುವಂತಿರಲಿಲ್ಲ, ಬೇಸಗೆಯಲ್ಲಿ ನೀರು ಎಷ್ಟೇ ಇಳಿದರೂ ಕೈಗೆ ಸಿಗುತ್ತಿತ್ತು.

ಕೊಳದ ಸಮೀಪದಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಎರಡು ಕೋಣೆಗಳಿವೆ. ಇವು ಮದ್ದಿನ ಮನೆಗಳು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪಾಗಿರುತ್ತದೆ, ಕತ್ತಲೆಯೂ ದಟ್ಟ. ಕೋವಿಮದ್ದನ್ನು ಬೆಂಕಿಯಿಂದ ದೂರವಿರಿಸಬೇಕು, ಹೊರಗಿನಿಂದ ಹಾರಿಬಂದ ಗುಂಡು ತಾಗದಂತೆಯೂ ನೋಡಿಕೊಳ್ಳಬೇಕು. ಮದ್ದಿನ ಮನೆಗೆ ಗುಂಡು ಬಿದ್ದರೆ ಗೋಡೆ ಎಷ್ಟು ದಪ್ಪವಿದ್ದರೂ ವ್ಯರ್ಥ. ಅದಕ್ಕಾಗಿಯೇ ಇವು ಗೋಡೆಗಳಿಂದ ಸಾಕಷ್ಟು ದೂರದಲ್ಲಿ, ನೆಲದ ಆಸರೆಯಲ್ಲಿವೆ. ಉಳಿದ ಕಟ್ಟಡಗಳಲ್ಲಿ ಸೈನಿಕರ ವಸತಿ, ಕುದುರೆಲಾಯ, ಅಡುಗೆಮನೆ, ಉಗ್ರಾಣಗಳನ್ನು ಗುರುತಿಸಲಾಗಿದೆ. ಅರಮನೆಯಾಗಲಿ ದೊಡ್ಡ ಆರಾಧನಾ ಸ್ಥಳವಾಗಲಿ ಪೇಟೆಯಾಗಲಿ ಇಲ್ಲಿಲ್ಲ. ಹೊಳೆನರಸೀಪುರದ ಕೋಟೆಯೊಳಗೆ ಒಂದು ಊರು ಬಾಳಿತು. ಮಂಜರಾಬಾದಿನೊಳಗೆ ಬಾಳಿದ್ದು ಕಾವಲು ಮಾತ್ರ.

ಬಾರದ ಶತ್ರು

ಇಷ್ಟೆಲ್ಲ ಜಾಗ್ರತೆಯಿಂದ ಕಟ್ಟಿದ ಕೋಟೆಗೆ ಅದರ ನಿಜವಾದ ಪರೀಕ್ಷೆ ಒದಗಲೇ ಇಲ್ಲ. 1799ರಲ್ಲಿ ನಾಲ್ಕನೆಯ ಯುದ್ಧ ಆರಂಭವಾದಾಗ ಪಶ್ಚಿಮದಿಂದ ಬಂದ ಬೊಂಬಾಯಿ ಸೈನ್ಯವು ಮಂಜರಾಬಾದಿನ ದಾರಿಯನ್ನು ಹಿಡಿಯಲಿಲ್ಲ. ಅದು ಕಣ್ಣಾನೂರಿನಿಂದ ಹೊರಟು, 1792ರಲ್ಲಿ ಮೈಸೂರಿನ ಕೈಬಿಟ್ಟುಹೋಗಿದ್ದ ಕೊಡಗಿನ ಮೂಲಕವೇ ಏರಿ ಬಂದಿತು. ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ ಟಿಪ್ಪು ಅದನ್ನು ತಡೆಯಲು ಯತ್ನಿಸಿ ಸೋತನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನನೂ ಮಡಿದನು. ಕಾಯಬೇಕಾದ ರಾಜ್ಯವೇ ಇಲ್ಲವಾದ ಮೇಲೆ ಎಂಟು ಮೂಲೆಗಳ ಲೆಕ್ಕಾಚಾರವು ಅರ್ಥ ಕಳೆದುಕೊಂಡಿತು. ಒಂದು ದಾರಿಗೆ ಬೀಗ ಹಾಕಿದವನ ಮನೆಗೆ ಶತ್ರುವು ಇನ್ನೊಂದು ಬಾಗಿಲಿನಿಂದ ಬಂದಂತಾಯಿತು.

ಬಲಂ ನಾಯಕನ ಹೋರಾಟ

ಬಲಂ ಸೀಮೆಯಲ್ಲಿ ಯುದ್ಧವು ಅಷ್ಟಕ್ಕೇ ಮುಗಿಯಲಿಲ್ಲ. ಟಿಪ್ಪುವಿನ ಮರಣದ ನಂತರ ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕನು ಸ್ವತಂತ್ರನಾಗಲು ಬಯಸಿ, ಕಂಪನಿ ಸರ್ಕಾರಕ್ಕಾಗಲಿ ಮೈಸೂರಿನ ಹೊಸ ಆಡಳಿತಕ್ಕಾಗಲಿ ತಲೆಬಾಗಲು ಒಪ್ಪಲಿಲ್ಲ. ಅವನು ನೆಲೆಯಾಗಿ ಆರಿಸಿಕೊಂಡದ್ದು ಕಾಡಿನೊಳಗಿನ ಅರಕೆರೆಯನ್ನು. ದಟ್ಟ ಕಾಡು, ಮುಳ್ಳಿನ ಬೇಲಿ, ದಾರಿಗಡ್ಡವಾಗಿ ನಿಲ್ಲಿಸಿದ ತಡೆಗಳು: ಇವೇ ಅವನ ಗೋಡೆ, ಕಂದಕ, ಕೊತ್ತಲ.

1800ರ ಏಪ್ರಿಲ್ ಆರಂಭದಲ್ಲಿ ಟಾಲ್‌ಫ್ರಿ ಎಂಬ ಅಧಿಕಾರಿಯ ನೇತೃತ್ವದಲ್ಲಿ ನಡೆದ ಮೊದಲ ದಾಳಿಯನ್ನು ಅರಕೆರೆ ಹಿಮ್ಮೆಟ್ಟಿಸಿತು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ಹೆಚ್ಚಿನ ಪಡೆಯೊಡನೆ ಬಂದು ನೆಲೆಯನ್ನು ಹಿಡಿದನು. ಆದರೆ ನಾಯಕನು ಸಿಗಲಿಲ್ಲ. ಸೈನ್ಯ ಹಿಂದಿರುಗಿದ ಮೇಲೆ ಆತ ಮರಳಿ ಬಂದು ನೆಲೆಯನ್ನು ಮತ್ತೆ ಭದ್ರಪಡಿಸಿದನು. ಕೊನೆಗೆ 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯೇ ಬರಬೇಕಾಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ನಿನ ಡ್ಯೂಕ್ ಎಂದು ಲೋಕಪ್ರಸಿದ್ಧನಾದವನು ಈತನೇ. ಮೈಸೂರಿನ ದಿವಾನ ಪೂರ್ಣಯ್ಯನವರ ಪಡೆಗಳೂ ಈ ಕಾರ್ಯಾಚರಣೆಯಲ್ಲಿದ್ದವು. ಅರಕೆರೆಯು ಹಲವು ಕಡೆಗಳಿಂದ ಏಕಕಾಲಕ್ಕೆ ನಡೆದ ದಾಳಿಗೆ ಬಿದ್ದಿತು. ಕಾಡಿನ ನಡುವೆ ದಾರಿಗಳನ್ನು ಕಡಿಯಲಾಯಿತು, ಜನರ ಆಯುಧಗಳನ್ನು ಕಸಿಯಲಾಯಿತು. ಫೆಬ್ರವರಿಯಲ್ಲಿ ಸೆರೆಸಿಕ್ಕ ವೆಂಕಟಾದ್ರಿ ನಾಯಕನನ್ನು ಗಲ್ಲಿಗೇರಿಸಲಾಯಿತು.

ಕಲ್ಲಿನ ಮಂಜರಾಬಾದು ಎದುರಿಸದ ಮುತ್ತಿಗೆಯನ್ನು ಬೇಲಿಯ ಅರಕೆರೆ ಎರಡು ವರ್ಷಗಳ ಕಾಲ ಎದುರಿಸಿತು. ನಕ್ಷತ್ರಕೋಟೆಯ ಬಗೆಗಿನ ಬರಹಗಳಲ್ಲಿ ಈ ಸಂಗತಿಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ಶಾಲಾ ಪಾಠಗಳಲ್ಲಿ ಕಿತ್ತೂರು, ಸುರಪುರ, ಧೋಂಡಿಯ ವಾಘರ ಹೆಸರುಗಳನ್ನು ಕಲಿಯುವ ಹಾಸನ ಜಿಲ್ಲೆಯ ಮಕ್ಕಳಿಗೂ ತಮ್ಮ ಜಿಲ್ಲೆಯ ವೆಂಕಟಾದ್ರಿ ನಾಯಕನ ಹೆಸರು ಅಪರಿಚಿತವಾಗಿಯೇ ಉಳಿದಿದೆ.

ತಾಲ್ಲೂಕಿನ ಹೆಸರಾಗಿ

ಕೋಟೆಯ ಸೈನಿಕ ಮಹತ್ವ ಮುಗಿದರೂ ಹೆಸರು ಬೆಳೆಯಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ, ಅನಂತರವೂ, ಇಡೀ ತಾಲ್ಲೂಕನ್ನು ಮಂಜರಾಬಾದ್ ಎಂದೇ ಕರೆಯಲಾಗುತ್ತಿತ್ತು. ಅದೇ ಕಾಲದಲ್ಲಿ ಇಲ್ಲಿ ಕಾಫಿ ತೋಟಗಳು ಹರಡಿದವು. ಇಲ್ಲಿ ನೆಲೆಸಿದ ತೋಟಗಾರ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಮಂಜರಾಬಾದಿನ ಹೆಸರನ್ನು ಇಂಗ್ಲೆಂಡಿನ ಓದುಗರಿಗೆ ಪರಿಚಯಿಸಿದವು. ಬಲಂ ಸೀಮೆಯ ಗೌಡರ ಬದುಕು, ಕಾಡು, ಬೇಟೆ, ಬೆಳೆಗಳ ವಿವರಗಳಿಗಾಗಿ ಅವು ಇಂದಿಗೂ ಉಪಯುಕ್ತ. ತಾಲ್ಲೂಕಿಗೆ ಸಕಲೇಶಪುರದ ಹೆಸರು ಬಂದ ಮೇಲೆ ಮಂಜರಾಬಾದ್ ಎಂಬುದು ಕೋಟೆಗೂ, ಕೆಲವು ಸಂಸ್ಥೆಗಳಿಗೂ ಸೀಮಿತವಾಯಿತು.

ಜನಶ್ರುತಿ

ಈ ಕೋಟೆಯಿಂದ ಶ್ರೀರಂಗಪಟ್ಟಣದವರೆಗೆ ಸುರಂಗವಿದೆ ಎಂಬ ಮಾತು ಸುತ್ತಮುತ್ತ ಕೇಳಿಬರುತ್ತದೆ. ಎರಡು ಸ್ಥಳಗಳ ನಡುವ ನೇರ ದೂರವೇ ನೂರು ಕಿಲೋಮೀಟರಿಗೂ ಮಿಗಿಲು. ನಡುವೆ ಹೇಮಾವತಿಯಂತಹ ನದಿಗಳು. ಕರ್ನಾಟಕದ ಪ್ರತಿಯೊಂದು ಹಳೆಯ ಕೋಟೆಗೂ ಇಂತಹ ಒಂದು ಸುರಂಗವಿದ್ದೇ ಇರುತ್ತದೆ. ಕತ್ತಲೆಯ ಮದ್ದಿನ ಮನೆಗಳೇ ಈ ಕಥೆಗೆ ಬೀಜವಾಗಿರಬೇಕು.

ಮೋಡವಿಲ್ಲದ ದಿನ ಇಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆಂಬ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. 988 ಮೀಟರ್ ಎತ್ತರದಿಂದ ಭೂಮಿಯ ಬಾಗನ್ನು ಲೆಕ್ಕಕ್ಕೆ ತೆಗೆದುಕೊಂಡರೂ ದಿಗಂತವು ಸುಮಾರು 112 ಕಿ.ಮೀ. ದೂರದಲ್ಲಿರುತ್ತದೆ, ಕರಾವಳಿಯು ನೇರ ಅಂತರದಲ್ಲಿ ಸುಮಾರು 100 ಕಿ.ಮೀ. ಬೆಟ್ಟಸಾಲು ಅಡ್ಡ ಬರದ ದಿಕ್ಕಿನಲ್ಲಿ, ಮಳೆ ತೊಳೆದ ಆಕಾಶದ ಸಂಜೆಯಲ್ಲಿ, ಕಡಲಿನ ಹೊಳಪು ಕಾಣುವುದು ಗಣಿತಕ್ಕೆ ವಿರುದ್ಧವಲ್ಲ.

ಈಗಿನ ಸ್ಥಿತಿ

ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆಗಳ ರೂಪವು ಬಹುಮಟ್ಟಿಗೆ ಉಳಿದಿದೆ. ಒಳಗಿನ ಕಟ್ಟಡಗಳು ಹೆಚ್ಚು ಶಿಥಿಲಗೊಂಡಿವೆ. ಇಲ್ಲಿ ಕಲ್ಲಿಗಿಂತ ಗಾರೆಗೆ ಅಪಾಯ ಹೆಚ್ಚು. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಸುಣ್ಣವು ಮೆಲ್ಲನೆ ತೊಳೆದುಹೋಗುತ್ತದೆ, ಸಂದುಗಳಲ್ಲಿ ಬೇರುಗಳು ಇಳಿಯುತ್ತವೆ. ಇಟ್ಟಿಗೆಯ ಗೋಡೆಗಳು ಮೊದಲು ಬೀಳುತ್ತವೆ. ಇದರ ಮೇಲೆ ನೋಡುಗರು ಗೋಡೆಗಳ ಮೇಲೆ ಹೆಸರು ಕೆತ್ತುವುದೂ ಸೇರಿಕೊಂಡಿದೆ.

ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿ ಕಟ್ಟಿ ಜಾರುತ್ತವೆ. ಗೋಡೆಯ ಅಂಚಿಗೆ ತಡೆಕಟ್ಟೆ ಇಲ್ಲದ ಕಡೆಗಳೂ ಇವೆ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವು ಭೇಟಿಗೆ ಅನುಕೂಲ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ.; ಅಲ್ಲಿಂದ ಮಂಗಳೂರಿನ ಕಡೆಗೆ ಹೋಗುವ ಬಸ್ಸುಗಳು ಗುಡ್ಡದ ಬುಡದಲ್ಲೇ ಹಾದುಹೋಗುತ್ತವೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಮತ್ತು ದೋಣಿಗಾಲ್ ನಿಲ್ದಾಣವನ್ನು ಮುಟ್ಟುವ ಹಾಸನ–ಮಂಗಳೂರು ರೈಲುಮಾರ್ಗ, ಎರಡೂ ಇಂದಿಗೂ ಬಂದರಿಗೆ ಇಳಿಯುವುದು ಈ ಕೋಟೆಯ ಕೆಳಗಿನಿಂದಲೇ.